ಗೋಧಿ ಇಲ್ಲದ ಅಡುಗೆಮನೆ: ಎಸರು, ಇಂಗು, ಗಿರಣಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಂದಿರುವ ಕೆಲವರ ಮನೆಯಲ್ಲಿ ಮಗುವಿಗೋ ಸೊಸೆಗೋ ಸೀಲಿಯಾಕ್ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದ್ದಾರೆ. ಇನ್ನು ಕೆಲವರು, ಗೋಧಿ ಬಿಟ್ಟರೆ ಹೊಟ್ಟೆ ಹಗುರಾಗುತ್ತದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದೀರಿ. ಈ ಎರಡನೆಯವರಿಗೆ ಮೊದಲೇ ಒಂದು ಮಾತು. ಅನುಮಾನವಿದ್ದರೆ ಗೋಧಿ ಬಿಡುವ ಮುಂಚೆಯೇ ರಕ್ತಪರೀಕ್ಷೆ ಮಾಡಿಸಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಹೋದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದುಹೋಗಿ, ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರಬಹುದು. ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ವಾರಗಟ್ಟಲೆ ಚಪಾತಿ ತಿನ್ನಿ ಅನ್ನುತ್ತಾರೆ. ಆ ಶಿಕ್ಷೆ ಯಾರಿಗೂ ಬೇಡ.

ಗ್ಲುಟನ್ ಅನ್ನುವುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಇರುವವರ ದೇಹ ಅದನ್ನು ಕಂಡರೆ ಸಣ್ಣಕರುಳಿನ ಒಳಪದರದ ಮೇಲೇ ತಿರುಗಿ ಬೀಳುತ್ತದೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಇದರ ಮೂಲ ಗೋಧಿ ಎಂದು ತೋರಿಸಿದರು. 1944-45ರ ಚಳಿಗಾಲದಲ್ಲಿ, ಯುದ್ಧದ ದೆಸೆಯಿಂದ ಅಲ್ಲಿ ಬ್ರೆಡ್ಡೇ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಮಲಗಿದರು. ಡಿಕೆಗೆ ಅದಕ್ಕೂ ಮುಂಚೆಯೇ ಗೋಧಿಯ ಮೇಲೆ ಸಂಶಯವಿತ್ತು. 1950ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು. ಇವತ್ತಿಗೂ ಇದಕ್ಕೆ ಮದ್ದು ಊಟದಲ್ಲೇ ಇದೆ: ಜೀವನಪೂರ್ತಿ ಗ್ಲುಟನ್ ಬಿಡುವುದು.

ಯುರೋಪಿನ ಅಡುಗೆಮನೆಗೆ ಇದು ದೊಡ್ಡ ಪೆಟ್ಟು. ಗೋಧಿಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲುಟನ್ ಎಳೆಎಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಅದಿಲ್ಲದೆ ಬ್ರೆಡ್ಡು ಉಬ್ಬುವುದಿಲ್ಲ. ಹಾಗಾಗಿ ಅಲ್ಲಿಯವರು ಅಂಟು, ಪಿಷ್ಟ, ಏನೇನೋ ಪುಡಿ ಬೆರೆಸಿ ಒದ್ದಾಡುತ್ತಾರೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿದ್ದಾರೆ, ಬರೀ ಕುದಿಯುವ ನೀರಿನಿಂದ. ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಸುರಿದು, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಬಿಸಿಗೆ ಜೋಳದ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಗ್ಲುಟನ್ ಮಾಡುವ ಕೆಲಸವನ್ನು ಆ ಪಿಷ್ಟ ಮಾಡುತ್ತದೆ. ಹಿಟ್ಟಿಗೆ ಜಿಗಿ ಬಂತು ಅನ್ನುತ್ತಾರಲ್ಲ, ಅದೇ ಇದು. ಹಿಟ್ಟು ಹಳೆಯದಾದರೆ ಜಿಗಿ ಕಡಿಮೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಅದಕ್ಕೇ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಟ್ಟುಕೊಳ್ಳಿ. ಬಡಿಯಲು ಬಾರದವರು ಲಟ್ಟಿಸಿ, ತಪ್ಪೇನಿಲ್ಲ. ಆದರೆ ರೊಟ್ಟಿ ಹರಿಯದಿರಲಿ ಎಂದು ಕೆಲವರು ಒಂದು ಹಿಡಿ ಗೋಧಿಹಿಟ್ಟು ಸೇರಿಸುತ್ತಾರೆ. ಹೊರಗಡೆ ರೊಟ್ಟಿ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಬೇಕು.

ಉಕ್ಕರಿಸಿದ ಅಕ್ಕಿ ರೊಟ್ಟಿಯೂ ಇದೇ ಸೂತ್ರದ್ದು, ಕಡುಬೂ ಇದೇ. ರಾಗಿಮುದ್ದೆಯ ವಿಷಯ ಹಳೇ ಮೈಸೂರಿನವರಿಗೆ ನಾನು ಹೇಳಿಕೊಡಬೇಕಿಲ್ಲ. ದೋಸೆ, ಇಡ್ಲಿ, ನೀರುದೋಸೆ, ಪಡ್ಡು ಎಲ್ಲವೂ ಅಕ್ಕಿಯವೇ.

ಹಾಗಾದರೆ ಕಷ್ಟ ಎಲ್ಲಿ? ಒಗ್ಗರಣೆ ಡಬ್ಬಿಯಲ್ಲಿ. ಅಂಗಡಿಯ ಇಂಗು ಶುದ್ಧ ಇಂಗಲ್ಲ. ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರುವ ಹಾಲಿನಂಥ ಅಂಟು ಬಲು ಘಾಟು, ಹಾಗೆಯೇ ಬಳಸಲಾಗದು. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ, ಆ ಹಿಟ್ಟು ಬಹಳ ಸಲ ಮೈದಾ. ಪುಡಿ ಇಂಗಿಗಷ್ಟೇ ಈ ಮಾತು, ಗಟ್ಟಿ ಇಂಗು ಚೊಕ್ಕ ಎಂದುಕೊಳ್ಳಬೇಡಿ. ಗಟ್ಟಿಯದರಲ್ಲೂ ಅದೇ ಕಥೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವ ಮನೆಯಲ್ಲಿ ಇಂಗು ಬಿಟ್ಟರೂ ನಡೆಯುತ್ತದೆ. ಮಡಿ ಅಡುಗೆಯ ಮನೆಗಳಲ್ಲಿ ಸಾರಿನಿಂದ ಚಟ್ನಿಪುಡಿಯವರೆಗೆ ಎಲ್ಲದಕ್ಕೂ ಇಂಗೇ ಆಧಾರ. ಅಂಥವರು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ಅಕ್ಕಿಹಿಟ್ಟು ಬೆರೆಸಿದ, ಗ್ಲುಟನ್ ಇಲ್ಲವೆಂದು ಬರೆದ ಇಂಗನ್ನೇ ತರಬೇಕು. ಸಿಗದಿದ್ದರೆ ಜೀರಿಗೆ, ಶುಂಠಿ, ಕರಿಬೇವಿನ ಒಗ್ಗರಣೆ ಸಾಕು. ಕೊಂಡ ಹುಳಿಪುಡಿ, ಬಿಸಿಬೇಳೆಬಾತ್ ಪುಡಿ, ಉಪ್ಪಿನಕಾಯಿ, ಉದ್ದಿನ ಹಪ್ಪಳ ಇವುಗಳಲ್ಲೂ ಇಂಗಿದೆ ಎಂಬುದು ನೆನಪಿರಲಿ.

ಇಷ್ಟು ಚೂರಿನಿಂದ ಏನಾಗುತ್ತದೆ ಎಂದು ಹಿರಿಯರು ಕೇಳುತ್ತಾರೆ. ಲೆಕ್ಕ ಹಾಕೋಣ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಗ್ಲುಟನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರಬಾರದು. ಒಂದು ಟೀ ಚಮಚ ಮೈದಾದಲ್ಲಿ ಹೆಚ್ಚುಕಡಿಮೆ 200 ಮಿಲಿಗ್ರಾಂ ಇರುತ್ತದೆ. ಅಂದರೆ ಕಿಲೋ ಜೋಳದ ಹಿಟ್ಟಿಗೆ ಒಂದೇ ಚಮಚ ಮೈದಾ ಬಿದ್ದರೂ ಮಿತಿಯ ಹತ್ತು ಪಟ್ಟು ದಾಟಿತು.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಗಿರಣಿಗೆ ಹೋಗಿ ನೋಡಿ. ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಅದು ಉಳಿದಿರುತ್ತದೆ. ಮೊದಲ ಒಂದು ಸೇರು ಬೇರೆ ತೆಗೆಸಿದರೂ ಪೂರ್ತಿ ಹೋಗುವುದಿಲ್ಲ. ಸೀಲಿಯಾಕ್ ಇರುವ ಮನೆಗೆ ಚಿಕ್ಕ ಹಿಟ್ಟಿನ ಯಂತ್ರ ಕೊಳ್ಳುವುದು ದುಂದಲ್ಲ ಎಂದೇ ನನ್ನ ಅಭಿಪ್ರಾಯ, ಅದರಲ್ಲಿ ಮಾತ್ರ ಗೋಧಿಯನ್ನು ಯಾವತ್ತೂ ಹಾಕಕೂಡದು. ಧಾನ್ಯವನ್ನೂ ಮೊರದಲ್ಲಿ ಹಸನು ಮಾಡಿ, ತೊಳೆದು, ಒಣಗಿಸಿ ಬೀಸಿ. ಅಂಗಡಿಯ ಜೋಳ, ನವಣೆಗಳಲ್ಲಿ ಒಂದೆರಡು ಗೋಧಿ ಕಾಳು ಕಾಣುವುದು ಹೊಸದೇನಲ್ಲ. ಮರದ ಲಟ್ಟಣಿಗೆ, ಮಣೆ ಬೇರೆಯೇ ಇರಲಿ, ಒಂದು ಜರಡಿಯೂ. ಪೂರಿ ಕರಿದ ಎಣ್ಣೆಯಲ್ಲಿ ಸಂಡಿಗೆ ಕರಿಯಬೇಡಿ.

ಧಾನ್ಯಗಳ ವಿಷಯ ಬೇಗ ಮುಗಿಸುತ್ತೇನೆ. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಸಜ್ಜೆ ಎಲ್ಲ ಧಾರಾಳವಾಗಿ ತಿನ್ನಬಹುದು. ಜವೆಗೋಧಿ ಬೇಡ, ಸದಕ ಎಂಬ ಹಳೆಯ ತಳಿಯ ಗೋಧಿಯೂ ಬೇಡ. ದೇಸಿ ತಳಿ, ಹಳೆಯ ಕಾಲದ್ದು ಎಂದ ಮಾತ್ರಕ್ಕೆ ಗ್ಲುಟನ್ ಹೋಗುವುದಿಲ್ಲ. ಸಿರಿಧಾನ್ಯದ ಹಿಟ್ಟು ಎಂದು ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಗೋಧಿಯೇ ಮೊದಲ ಪದಾರ್ಥ. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಒಳ್ಳೆಯದು, ಡಬ್ಬಿಯ ಮಾಲ್ಟ್ ಪಾನೀಯಗಳು ಸಾಮಾನ್ಯವಾಗಿ ಬಾರ್ಲಿಯವು. ಗೋಬಿ ಮಂಚೂರಿಯಲ್ಲಿ ಮೈದಾ ಅಂತೂ ಸರಿ, ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ.

ಸಸ್ಯಾಹಾರಿಗಳು ಇನ್ನೊಂದು ಕಡೆ ಎಡವುತ್ತಾರೆ. ಗೋಧಿ ಬಿಟ್ಟವರು ಮೂರು ಹೊತ್ತೂ ಬಿಳಿ ಅನ್ನಕ್ಕೆ, ಸಬ್ಬಕ್ಕಿ ಕಿಚಡಿಗೆ ಇಳಿದುಬಿಡುತ್ತಾರೆ. ಕರುಳು ಘಾಸಿಗೊಂಡವರಿಗೆ ಕಬ್ಬಿಣಾಂಶ, ಕ್ಯಾಲ್ಸಿಯಂ ಮೊದಲೇ ಸರಿಯಾಗಿ ಮೈಗೆ ಹತ್ತಿರುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಬಿಟ್ಟು ಸಬ್ಬಕ್ಕಿ ಯಾಕೆ? ಮುದ್ದೆಗೆ ಹುರುಳಿ ಬಸ್ಸಾರು, ರೊಟ್ಟಿಗೆ ಮಡಕಿಕಾಳು ಪಲ್ಯ ಮತ್ತು ಗುರೆಳ್ಳು ಚಟ್ನಿ, ಸೊಪ್ಪಿನ ಹುಳಿಯ ಮೇಲೆ ನಿಂಬೆರಸ. ಬಿ12 ವಿಷಯದಲ್ಲಿ ಡಾಕ್ಟರು ಹೇಳಿದಂತೆ ಮಾಡಿ, ಕಾಳುಗಳಿಂದ ಅದು ಸಿಗುವುದಿಲ್ಲ. ಬೆಲೆ ದುಬಾರಿಯ ಗ್ಲುಟನ್ ಫ್ರೀ ಬಿಸ್ಕತ್ತಿಗೆ ದುಡ್ಡು ಸುರಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಅದರಲ್ಲಿ ಸಕ್ಕರೆ, ಪಿಷ್ಟ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ.

ಹಬ್ಬದ ದಿನ ಮಗು ಹೋಳಿಗೆ ಕೇಳುತ್ತದೆ. ಕಣಕಕ್ಕೆ ಮೈದಾ, ಚಿರೋಟಿ ರವೆ ಬೇಕು, ಅದು ಆಗದ ಮಾತು. ಅದೇ ಹೂರಣವನ್ನು ಉಕ್ಕರಿಸಿದ ಅಕ್ಕಿಹಿಟ್ಟಿನಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿ, ತುಪ್ಪ ಹಾಕಿ ಬಡಿಸಿ. ಕರಾವಳಿಯವರಾದರೆ ಅರಿಶಿನ ಎಲೆಯಲ್ಲಿ ಮಡಚಿ. ಒತ್ತುಶ್ಯಾವಿಗೆಯ ಜೊತೆ ಕಾಯಿಹಾಲು ಇದ್ದರೆ ರವೆ ಪಾಯಸ ಯಾರಿಗೂ ನೆನಪಾಗದು.

ಸತ್ಯನಾರಾಯಣ ಪೂಜೆಯ ಸಪಾದ ಹೆಚ್ಚು ಕಠಿಣ. ಅದು ಗೋಧಿ ರವೆಯದು, ಪ್ರಸಾದ ಬೇಡವೆಂದರೆ ಮನೆಯವರಿಗೆ ನೋವು. ನಾನು ಹೇಳುವುದಿಷ್ಟೆ: ಎರಡು ದಿನ ಮುಂಚೆ ಅವರಿಗೆ ಫೋನ್ ಮಾಡಿ ಕಾಯಿಲೆಯ ಹೆಸರು ಹೇಳಿ. ಪಥ್ಯ ಎಂದರೆ ಒಂದು ಚಿಟಿಕೆ ತಿನ್ನು ಅನ್ನುತ್ತಾರೆ, ಕಾಯಿಲೆ ಎಂದರೆ ಕೇಳುತ್ತಾರೆ. ಹುರಿಗಡಲೆ, ಬೆಲ್ಲ, ಕಾಯಿ, ಎಳ್ಳಿನ ಪಂಚಕಜ್ಜಾಯವನ್ನೂ ದೇವರ ಮುಂದಿಡಿ ಎಂದು ಕೇಳಿಕೊಂಡರೆ ಇಲ್ಲವೆನ್ನುವವರು ಕಡಿಮೆ. ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನೇ ಹೋಗಿ ಕಾಣಿ, ಒಗ್ಗರಣೆಗೆ ಮುಂಚೆ ಒಂದು ಬಟ್ಟಲು ತೊವ್ವೆ ತೆಗೆದಿಡಲು ಹೇಳಿ. ಅನ್ನ, ತೊವ್ವೆ, ತುಪ್ಪ, ಮೊಸರು, ಬಾಳೆಹಣ್ಣು ಇಷ್ಟಕ್ಕೆ ಒಂದು ಊಟವಾಗುತ್ತದೆ.

ಎಸರು ಕುದಿಯಲು ಇಟ್ಟಿದ್ದೇವೆ. ಜೋಳದ ರೊಟ್ಟಿ ಬಡಿದು ನೋಡಬೇಕೆನ್ನುವವರು ಕೈ ತೊಳೆದು ಮುಂದೆ ಬನ್ನಿ, ಪ್ರಶ್ನೆಗಳನ್ನು ಒಲೆಯ ಪಕ್ಕದಲ್ಲೇ ಕೇಳಬಹುದು.