ಗಡಸಾಗಿದ್ದರೆ ಸಾಲದು, ಏಟು ತಾಳಬೇಕು

(ಕೋಲಾರದ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ವಿದ್ಯಾರ್ಥಿ ಮಿತ್ರರೇ,

ಈ ಮೇಜಿನ ಮೇಲಿರುವುದು ಬೋರ್‌ವೆಲ್ ಲಾರಿಯವರು ಇನ್ನು ಕೆಲಸಕ್ಕೆ ಬಾರದೆಂದು ಎಸೆದ ಬಿಟ್, ಅಂದರೆ ಬಂಡೆ ಕೊರೆಯುವ ತುದಿ. ಕೋಲಾರದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಾವಿರ ಅಡಿ ದಾಟಿದರೂ ನೀರು ಕಾಣದೆ ಸಾಲ ಮಾತ್ರ ಕಂಡ ಮನೆಗಳು ನಿಮ್ಮೂರಲ್ಲೂ ಇದ್ದಾವು. ಬಿಟ್‌ನ ಮೈ ಉಕ್ಕಿನದು. ಮುಖದಲ್ಲಿ ನೆಟ್ಟಿರುವ, ಅಂಗಿಯ ಗುಂಡಿಯಂತೆ ಉಬ್ಬಿನಿಂತ ಗುಂಡಿಗಳು ಟಂಗ್‌ಸ್ಟನ್ ಕಾರ್ಬೈಡ್‌ನವು, ಅಂದರೆ ಟಂಗ್‌ಸ್ಟನ್ ಲೋಹ ಮತ್ತು ಇಂಗಾಲ ಸೇರಿದ ಸಂಯುಕ್ತದವು. ಕೆಲವು ಸವೆದು ಚಪ್ಪಟೆಯಾಗಿವೆ. ಅಂಚಿನ ಈ ಒಂದು ಮಾತ್ರ ಸವೆಯುವ ಮೊದಲೇ ಸೀಳಿಹೋಗಿದೆ. ಬಂಡೆ ಅದೇ, ಏಟೂ ಅದೇ. ಹಾಗಾದರೆ ಇದೊಂದೇ ಏಕೆ ಸೀಳಿತು? ಈ ಪ್ರಶ್ನೆಗೆ ಸಂಬಳ ಕೊಡುವ ಶಾಸ್ತ್ರವೇ ಮೆಟೀರಿಯಲ್ಸ್ ಎಂಜಿನಿಯರಿಂಗ್.

ಗುಂಡಿಯನ್ನು ಕತ್ತರಿಸಿ, ಹೊಳಪು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಲ್ಲು–ಗಾರೆಯ ಗೋಡೆಯಂತೆ ಕಾಣುತ್ತದೆ: ಕೆಲವೇ ಮೈಕ್ರಾನ್ ಗಾತ್ರದ ಕಾರ್ಬೈಡ್ ಹರಳುಗಳು, ನಡುವೆ ಕೋಬಾಲ್ಟ್ ಎಂಬ ಲೋಹದ ತೆಳು ಪದರ. ಹರಳು ಗಡಸು, ಆದರೆ ಏಟಿಗೆ ಒಡೆಯುತ್ತದೆ. ಕೋಬಾಲ್ಟ್ ಮೆದು, ಆದರೆ ಬಿರುಕನ್ನು ತಡೆಯುತ್ತದೆ. ಕೋಬಾಲ್ಟ್ ಹೆಚ್ಚಿಸಿದರೆ ಗುಂಡಿ ಏಟು ತಾಳುತ್ತದೆ, ಬೇಗ ಸವೆಯುತ್ತದೆ. ಕಡಿಮೆ ಮಾಡಿದರೆ ಸವೆತ ನಿಧಾನ, ಸೀಳುವ ಭಯ ಹೆಚ್ಚು. ಎರಡನ್ನೂ ಪೂರ್ತಿಯಾಗಿ ಕೊಡುವ ವಸ್ತು ಇಲ್ಲ. ಇದ್ದರೆ ನಮಗೆ ಕೆಲಸವೂ ಇರುತ್ತಿರಲಿಲ್ಲ.

ಇದನ್ನು ಎರಕ ಹೊಯ್ಯುವುದಿಲ್ಲ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಕೋಬಾಲ್ಟ್ ಕರಗಿ ಹರಳುಗಳನ್ನು ಎಳೆದು ಕೂಡಿಸುತ್ತದೆ. ತುಂಡು ಗಣನೀಯವಾಗಿ ಕುಗ್ಗುತ್ತದೆ. ಅಚ್ಚು ಮಾಡುವಾಗಲೇ ಆ ಲೆಕ್ಕ ಇಟ್ಟಿರಬೇಕು. ಇಂಗಾಲ ಕೊಂಚ ಕಡಿಮೆಯಾದರೆ ಪೆಡಸಾದ ಬೇರೊಂದು ಸಂಯುಕ್ತ ಹುಟ್ಟುತ್ತದೆ, ಕೊಂಚ ಹೆಚ್ಚಾದರೆ ಗ್ರಾಫೈಟ್ ಚುಕ್ಕೆಗಳು ಉಳಿಯುತ್ತವೆ. ಸೀಳಿದ ಗುಂಡಿಯನ್ನು ಕೈಗೆತ್ತಿಕೊಂಡವನು ಮೊದಲು ಹುಡುಕುವುದು ಇಂಥವನ್ನೇ.

ಈ ವಸ್ತು ಹುಟ್ಟಿದ್ದು ಬಂಡೆಗಾಗಿ ಅಲ್ಲ. ವಿದ್ಯುತ್ ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯುವ ಅಚ್ಚಿಗಾಗಿ, ಜರ್ಮನಿಯಲ್ಲಿ. ಪೇಟೆಂಟ್ 1923ರದು. ಅದೇ ವರ್ಷ ನಮ್ಮ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಅದರ ಹಿಂದಿದ್ದವರು ಈ ಕೋಲಾರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಕೆಜಿಎಫ್‌ನಲ್ಲಿ ಅದಿರು ಅರೆದು ಸಯನೈಡ್‌ನಲ್ಲಿ ಚಿನ್ನ ಕರಗಿಸಿದ್ದೂ ಇದೇ ಶಾಸ್ತ್ರದ ಇನ್ನೊಂದು ಕೊಂಬೆ. ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ದಿಬ್ಬಗಳು ಹಾಗೆಯೇ ನಿಂತಿವೆ. ಅವುಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದರ ರಸಾಯನಶಾಸ್ತ್ರ ಗೊತ್ತೋ!

ಓದುವ ದಾರಿಗೆ ಬರೋಣ. ಪಿಯುಸಿ ಮುಗಿಸಿದ ತಮ್ಮ ತಂಗಿಯರಿದ್ದರೆ ಸುರತ್ಕಲ್‌ನ ಎನ್‌ಐಟಿಯಲ್ಲಿ ಮೆಟಲರ್ಜಿಕಲ್ ಮತ್ತು ಮೆಟೀರಿಯಲ್ಸ್ ವಿಭಾಗವಿದೆ ಎಂದು ತಿಳಿಸಿ. ನೀವು ಮೆಕ್ಯಾನಿಕಲ್ ಓದುತ್ತಿದ್ದರೂ ಬಾಗಿಲು ಮುಚ್ಚಿಲ್ಲ: ಗೇಟ್ ಪ್ರವೇಶ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ವಿಭಾಗದ ಎಂಟೆಕ್‌ಗೆ ಪ್ರಯತ್ನಿಸಬಹುದು. ಬಿಎಸ್‌ಸಿಯವರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಸಮಗ್ರ ಪಿಎಚ್‌ಡಿಯನ್ನು ನೋಡಿ. ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: ಭೌತಶಾಸ್ತ್ರ, ರಸಾಯನಶಾಸ್ತ್ರ ಗಟ್ಟಿಯಾಗಿ ಓದಿ ಬಂದವರು ಫೇಸ್ ಡಯಾಗ್ರಾಮ್ (ಯಾವ ಉಷ್ಣತೆಯಲ್ಲಿ, ಯಾವ ಮಿಶ್ರಣ ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವ ನಕ್ಷೆ) ನೋಡಿ ಬೆದರುವುದಿಲ್ಲ.

ಕೆಲಸಕ್ಕೆ ದೂರ ಹೋಗಲೇಬೇಕೆಂದಿಲ್ಲ. ಕಾರ್ಬೈಡ್ ಉಪಕರಣ ತಯಾರಿಸುವ ಕಾರ್ಖಾನೆ ಬೆಂಗಳೂರಿನ ತುಮಕೂರು ರಸ್ತೆಯಲ್ಲೇ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಸಂಶೋಧನೆ ಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ವಿಮಾನ ವಿಜ್ಞಾನದ ರಾಷ್ಟ್ರೀಯ ಪ್ರಯೋಗಾಲಯ ಎನ್‌ಎಎಲ್, ಹೈದರಾಬಾದಿನಲ್ಲಿ ರಕ್ಷಣಾ ಲೋಹಶಾಸ್ತ್ರದ ಪ್ರಯೋಗಾಲಯ ಡಿಎಂಆರ್‌ಎಲ್ ಇವೆ.

ಆದರೆ ಸಾಫ್ಟ್‌ವೇರ್ ಸೇರಿದ ಗೆಳೆಯನ ಮೊದಲ ಸಂಬಳ ಕೇಳಿ ನಿಮಗೆ ಹೊಟ್ಟೆ ಉರಿಯಬಹುದು. ಮೊದಲ ವರ್ಷಗಳಲ್ಲಿ ಹೆಚ್ಚಿನ ಹೊತ್ತು ಒಂದು ಲೋಹದ ಚೂರನ್ನು ಎಮರಿ ಕಾಗದದ ಮೇಲೆ ಉಜ್ಜುವುದರಲ್ಲೇ ಕಳೆಯುತ್ತದೆ. ಒಂದು ಗೀರು ಉಳಿದರೂ ಮತ್ತೆ ಒರಟು ಕಾಗದಕ್ಕೇ ಮರಳಬೇಕು. ಸೇರುವ ಮುನ್ನ ಯಾವುದಾದರೂ ಪ್ರಯೋಗಾಲಯದಲ್ಲಿ ಅನುಮತಿ ಕೇಳಿ, ಒಂದು ಮಧ್ಯಾಹ್ನ ಅದನ್ನು ಉಜ್ಜಿ ನೋಡಿ. ಆಮೇಲೆ ಅರ್ಜಿ ತುಂಬಿ.