ಕಮ್ಯುನಿಯನ್ ಆರಾಧನೆ ಪ್ಲಾನ್ ಮಾಡೋದು ಎಲ್ಲಿಂದ? ಕೊನೇ ಬೆಂಚಿಂದ!

ಎಲ್ರಿಗೂ ವಂದನೆಗಳು. ಕಮ್ಯುನಿಯನ್, ಅಂದ್ರೆ ಯೇಸುವಿನ ಕೊನೇ ಊಟ ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಕರ್ತನ ಭೋಜನ, ಆ ಆರಾಧನೇನ ಕ್ರಿಯೇಟಿವ್ ಆಗಿ ಪ್ಲಾನ್ ಮಾಡೋದು ಹೇಗೆ ಅಂತ ಇವತ್ತು ಮಾತಾಡೋಣ.

ಬೆಂಗಳೂರಲ್ಲಿ ನಮ್ಮ ಸಭೇಲಿ ಒಬ್ರು ಅಜ್ಜಿ ಇದಾರೆ. ಎಂಟೂವರೆ ಆರಾಧನೆಗೆ ಎಂಟಕ್ಕೇ ಬಂದು ಕೊನೇ ಬೆಂಚಲ್ಲಿ ಕೂತ್ಕೋತಾರೆ, ತಲೆ ಮೇಲೆ ಸೆರಗು, ಕೈಯಲ್ಲಿ ರಟ್ಟು ಕಿತ್ತೋಗಿ ರಬ್ಬರ್ ಬ್ಯಾಂಡ್ ಹಾಕಿರೋ ಕೀರ್ತನೆ ಪುಸ್ತಕ. ಮೊದಲನೇ ಭಾನುವಾರ ಕರ್ತನ ಭೋಜನಕ್ಕೆ ಎಲ್ರೂ ಎದ್ದು ಮುಂದೆ ಹೋಗ್ತಾರೆ, ಅವ್ರು ಮಾತ್ರ ಕೂತೇ ಇರ್ತಾರೆ. ಏನೋ ಮನಸ್ಸಲ್ಲಿ ಇಟ್ಕೊಂಡು ತಗೋತಿಲ್ಲ ಅಂತ ನಾನು ಎಷ್ಟೋ ತಿಂಗಳು ಅಂದ್ಕೊಂಡಿದ್ದೆ. ಒಂದಿನ ಪಕ್ಕದಲ್ಲಿ ಕೂತು ಕೇಳಿದೆ. "ಮಂಡಿ ಊರಿದ್ರೆ ಏಳಕ್ಕಾಗಲ್ಲ ಕಣಪ್ಪ, ಹಿಂದೆ ಅಷ್ಟು ಜನ ನಿಂತಿರ್ತಾರೆ, ಎಲ್ರನ್ನೂ ಕಾಯಿಸೋದ್ಯಾಕೆ" ಅಂದ್ರು.

ಕಾಯಿಸೋದ್ಯಾಕೆ ಅಂತೆ! ಅವತ್ತಿಂದ ನಂಗೆ ಕಮ್ಯುನಿಯನ್ ಪ್ಲಾನಿಂಗ್ ಅಂದ್ರೆ ಹೂವಿನ ಅಲಂಕಾರ, ಕ್ವಾಯರ್ ಹಾಡು ಅನ್ನೋ ಯೋಚನೆ ಹೋಗಿ ಆ ಬೆಂಚೇ ಕಣ್ಮುಂದೆ ಬರತ್ತೆ.

(ಪರದೆ ಮೇಲೆ: 1 ಕೊರಿಂಥ 11)

ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ, ಬೈಬಲಲ್ಲಿರೋ ಮೊದಲನೇ ಪತ್ರದ ಹನ್ನೊಂದನೇ ಅಧ್ಯಾಯ ಎಲ್ರಿಗೂ ಗೊತ್ತು, ಪ್ರತಿ ಸಲ ಓದ್ತೀವಿ, ಆದ್ರೆ ನಾವು ಓದೋದು 23ರಿಂದ 26ನೇ ವಚನ ಅಷ್ಟೇ. ಸ್ವಲ್ಪ ಮೇಲೆ 21ನೇ ವಚನ ನೋಡಿ, ಅಲ್ಲಿ ಒಬ್ಬ ಹಸ್ಕೊಂಡಿದಾನೆ, ಇನ್ನೊಬ್ಬನಿಗೆ ಕುಡಿದು ಅಮಲೇರಿದೆ. ಇದು ಕ್ರಿ.ಶ. 50ರ ದಶಕದ ಪತ್ರ, ಆಗ ಕರ್ತನ ಭೋಜನ ಅಂದ್ರೆ ನಿಜವಾದ ಊಟಾನೂ ಜೊತೇಲೇ ಇತ್ತು, ಇದ್ದವರು ತಾವು ತಂದಿದ್ದನ್ನ ತಾವೇ ಮೊದಲು ತಿಂದು ಮುಗಿಸಿಬಿಡ್ತಿದ್ರು, ಇಲ್ಲದವರು ಖಾಲಿ ಹೊಟ್ಟೇಲಿ ಅವಮಾನ ಪಟ್ಕೊಂಡು ಕೂರ್ತಿದ್ರು. ಅದಕ್ಕೆ ಪೌಲ 33ನೇ ವಚನದಲ್ಲಿ ಹೇಳೋದು, ಊಟಕ್ಕೆ ಸೇರಿದಾಗ ಒಬ್ರಿಗೊಬ್ರು ಕಾಯಿರಿ ಅಂತ. ಅಜ್ಜಿ ಯಾವುದು ಬೇಡ ಅಂದ್ರೋ ಅದನ್ನೇ ಮಾಡಿ ಅಂತಿದಾನೆ ಅವನು.

ಈಗ ಕ್ರಿಯೇಟಿವ್ ಅನ್ನೋ ಮಾತು. ತುಂಬಾ ಜನಕ್ಕೆ ಭಯ ಇದೆ, ಯೂತ್ ಕೈಗೆ ಕೊಟ್ರೆ ಕ್ರಮಾನೇ ಕೆಡಿಸ್ತಾರೆ ಅಂತ. ನಾನು ಕ್ರಮ ಮುಟ್ಟಬೇಡಿ ಅನ್ನೋ ಪಕ್ಷ. ರೊಟ್ಟಿ ತಗೊಳ್ಳೋದು, ಸ್ತೋತ್ರ ಮಾಡೋದು, ಮುರಿಯೋದು, ಕೊಡೋದು, ಈ ನಾಲ್ಕು ಇರ್ಲೇಬೇಕು. ಹೊಸತನ ಆ ನಾಲ್ಕೂ ಜನಕ್ಕೆ ಚೆನ್ನಾಗಿ ಕಾಣೋ ಹಾಗೆ ಕೇಳೋ ಹಾಗೆ ಮಾಡೋದ್ರಲ್ಲಿದೆ. ಇದಕ್ಕೆ ದೂರ ಹೋಗಬೇಕಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಲ್ಲಿ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು, ಬೇರೆ ಬೇರೆ ಸಂಪ್ರದಾಯದವರು ಒಂದಾದ್ರು, 1950ರ ಹೊತ್ತಿಗೆ ಹೊಸ ಆರಾಧನಾ ಕ್ರಮ ಬಂತು. ಅದರಲ್ಲಿ ಅಯ್ಯನವರು (ಪಾಸ್ಟರ್) ಜನರ ಕಡೆ ಮುಖ ಮಾಡಿ ಮೇಜಿನ ಹಿಂದೆ ನಿಲ್ಲೋದು ಬಂತು, ಸಿರಿಯನ್ ಕ್ರೈಸ್ತರಿಂದ ತಗೊಂಡು ಸಮಾಧಾನದ ಶುಭಾಶಯವನ್ನ ಕೈಯಿಂದ ಕೈಗೆ ದಾಟಿಸೋದು ಬಂತು. ಆಮೇಲೆ ಇದನ್ನ ನೋಡಿ ಹೊರದೇಶದ ಸಭೆಗಳೂ ಕಲಿತವು. ನಮ್ಮ ಹಿರಿಯರೇ ಇಷ್ಟು ಧೈರ್ಯ ಮಾಡಿದಾರೆ.

(ಇಲ್ಲಿ ರೊಟ್ಟಿ ಮುರಿಯೋ ಕ್ಲೋಸಪ್, ಮ್ಯೂಸಿಕ್ ಬೇಡ, ಬರೀ ಶಬ್ದ)

ಕೇಳಿಸ್ತಾ? ಈ ಶಬ್ದ ವೇಫರಲ್ಲಿ, ಅಂದ್ರೆ ಒಬ್ಬೊಬ್ರಿಗೆ ಒಂದೊಂದು ಕೊಡೋ ತೆಳು ಬಿಲ್ಲೆಯಲ್ಲಿ ಬರಲ್ಲ. ವೇಫರ್ ತಪ್ಪು ಅಂತಲ್ಲ, ದೊಡ್ಡ ಸಭೆಗೆ ಅನುಕೂಲಾನೇ. ಆದ್ರೆ ರೊಟ್ಟಿ ಒಂದೇ ಆಗಿರೋದ್ರಿಂದ ನಾವು ಅನೇಕರಾದ್ರೂ ಒಂದೇ ದೇಹ ಅಂತ ಪೌಲ ಹೇಳಿದ್ದು ಒಂದು ರೊಟ್ಟಿ ಕಣ್ಮುಂದೆ ಮುರಿದಾಗ ಚಿಕ್ಕ ಮಕ್ಕಳಿಗೂ ಅರ್ಥ ಆಗತ್ತೆ. ನಮ್ಮಲ್ಲಿ ಮಹಿಳಾ ಅನ್ಯೋನ್ಯ ಕೂಟದ ಆಂಟಿಯರು ಸರದಿ ಮೇಲೆ ಶನಿವಾರ ಸಂಜೆ ಮನೇಲೇ ಮಾಡ್ಕೊಡ್ತಾರೆ. ಒಂದು ಮಾತು, ಮೊದಲನೇ ಸಲ ನಾವು ಗಟ್ಟಿ ಕ್ರಸ್ಟಿರೋ ಬ್ರೆಡ್ ತಂದು, ಅಯ್ಯನವರು ಮುರಿಯೋಕೆ ಪಾಪ ಒದ್ದಾಡಿ, ಪುಡಿ ಎಲ್ಲಾ ಮೇಜಿನ ಬಟ್ಟೆ ಮೇಲೆ. ಈಗ ಮೆತ್ತಗಿರೋದು ಮಾಡಿ ತಳದಲ್ಲಿ ಚಾಕುವಿಂದ ಸಣ್ಣ ಗೀರು ಹಾಕಿಡ್ತೀವಿ, ಎತ್ತಿ ಹಿಡಿದು ಮುರಿದ್ರೆ ಕೊನೇ ಬೆಂಚಿಗೂ ಕಾಣತ್ತೆ.

ಗೋಧಿ ಆಗದವರು ಪ್ರತಿ ಸಭೇಲೂ ಇರ್ತಾರೆ, ಸಂಕೋಚಕ್ಕೆ ಹೇಳಲ್ಲ. ಕಥೋಲಿಕ ಸಭೇಲಿ ರೊಟ್ಟಿ ಗೋಧೀದೇ ಆಗಬೇಕು ಅನ್ನೋ ನಿಯಮ ಇದೆ, ಗ್ಲುಟೆನ್ ತುಂಬಾ ಕಡಿಮೆ ಇರೋದಕ್ಕೆ ಅಲ್ಲಿ ಅನುಮತಿ ಇದೆ. ನಮ್ಮಲ್ಲಿ ಅಯ್ಯನವರನ್ನ ಕೇಳಿ ಒಪ್ಪಿಸಿ ಅಕ್ಕಿ ರೊಟ್ಟಿ ಚೂರುಗಳನ್ನ ಬೇರೆ ತಟ್ಟೇಲಿ, ಮುಚ್ಚಿ, ಅದೇ ಮೇಜಿನ ಮೇಲೆ ಇಡ್ತೀವಿ. ಮುಚ್ಚಲೇಬೇಕು, ಗೋಧಿ ಪುಡಿ ಒಂಚೂರು ಬಿದ್ರೂ ಅವ್ರಿಗೆ ತೊಂದ್ರೆ.

ದ್ರಾಕ್ಷಾರಸದ ಪಾತ್ರೆ ವಿಷ್ಯಾನೂ ಇದೇ ಥರ. 1869ರಲ್ಲಿ ಅಮೆರಿಕದ ನ್ಯೂಜೆರ್ಸೀಲಿ ಥಾಮಸ್ ವೆಲ್ಚ್ ಅನ್ನೋ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸ ಕಾಯಿಸಿ ಹುಳಿದು ವೈನ್ ಆಗದ ಹಾಗೆ ಇಡೋದನ್ನ ಕಂಡುಹಿಡಿದಿದ್ದೇ ಕರ್ತನ ಭೋಜನಕ್ಕೋಸ್ಕರ. ಕಷ್ಟಪಟ್ಟು ಕುಡಿತ ಬಿಟ್ಟ ಅಣ್ಣ ಒಬ್ರು ನಿಮ್ಮ ಸಭೇಲಿದ್ರೆ ಅವ್ರಿಗೆ ಆ ಒಂದು ಗುಟುಕು ವೈನ್ ವಾಸನೆ ಏನು ಮಾಡತ್ತೆ ಅಂತ ಯೋಚನೆ ಮಾಡಿ.

ಯಾರು ತಗೋಬಹುದು ಅನ್ನೋದು ಸಭೆಯಿಂದ ಸಭೆಗೆ ಬೇರೆ. ಕಥೋಲಿಕರಲ್ಲಿ ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ, ಮೆಥಡಿಸ್ಟರಲ್ಲಿ ಮೇಜು ಹೆಚ್ಚಾಗಿ ತೆರೆದೇ ಇರತ್ತೆ, ಇನ್ನು ಕೆಲವು ಕಡೆ ದೀಕ್ಷಾಸ್ನಾನ, ಕನ್ಫರ್ಮೇಶನ್ (ಸಭೆ ಮುಂದೆ ನಂಬಿಕೆ ದೃಢಪಡಿಸೋ ವಿಧಿ) ಆಗಿರಬೇಕು. ನಿಮ್ಮ ನಿಯಮ ಏನೇ ಇರ್ಲಿ, ಅದನ್ನ ಬಾಗಿಲಲ್ಲಿ ಸ್ಟೀವರ್ಡ್ ಮುಖ ನೋಡಿ ಜನ ಊಹೆ ಮಾಡೋ ಹಾಗೆ ಆಗಬಾರ್ದು. ಮೊದಲೇ ಪ್ರೀತಿಯಿಂದ ಹೇಳಿಬಿಡಿ, ರೊಟ್ಟಿ ತಗೊಳ್ಳದವರು ಎದೆ ಮೇಲೆ ಕೈ ಕಟ್ಕೊಂಡು ಬನ್ನಿ, ಆಶೀರ್ವಾದದ ಪ್ರಾರ್ಥನೆ ಮಾಡ್ತೀವಿ ಅಂತ. ಮಕ್ಕಳು ಇದಕ್ಕೆ ಓಡ್ಕೊಂಡು ಬರ್ತಾರೆ ನೋಡಿ!

ಆಮೇಲೆ ಭಾಷೆ. ಬೆಂಗಳೂರಲ್ಲಿ ಕನ್ನಡ ಸಭೆ ಅಂದ್ರೂ ಒಂದು ಬೆಂಚಲ್ಲಿ ತೆಲುಗು ಸೊಸೆ, ಇನ್ನೊಂದ್ರಲ್ಲಿ ತಮಿಳು ಮಾತಾಡೋ ಅಜ್ಜ, ಮೊನ್ನೆ ಮೊನ್ನೆ ರಾಯಚೂರಿಂದ ಕೆಲ್ಸಕ್ಕೆ ಬಂದ ಕುಟುಂಬ. ಆರಾಧನೆ ಪೂರ್ತಿ ಕನ್ನಡದಲ್ಲೇ ಇರ್ಲಿ, ನಂಗೆ ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ರೊಟ್ಟಿ ಕೈಗಿಡುವಾಗ ಹೇಳೋ ಆ ಒಂದು ವಾಕ್ಯ ಅವ್ರವ್ರ ಮಾತಲ್ಲಿ ಕೇಳಿದ್ರೆ ಅವ್ರ ಕಣ್ಣು ಬೇರೆ ಥರ ಆಗತ್ತೆ. ಹಂಚುವವರು ಎರಡು ಮೂರು ಭಾಷೇಲಿ ಆ ವಾಕ್ಯ ಬಾಯಿಪಾಠ ಮಾಡ್ಕೊಂಡ್ರೆ ಸಾಕು. ಶುರು ಮಾಡೋಕೆ ಅಕ್ಟೋಬರ್ ಮೊದಲನೇ ಭಾನುವಾರ ಒಳ್ಳೇದು, ಅದು ಲೋಕವ್ಯಾಪಿ ಕಮ್ಯುನಿಯನ್ ಭಾನುವಾರ, 1933ರಲ್ಲಿ ಪಿಟ್ಸ್‌ಬರ್ಗಿನ ಒಂದು ಪ್ರೆಸ್ಬಿಟೇರಿಯನ್ ಸಭೇಲಿ ಶುರುವಾಗಿದ್ದು.

ಸರಿ, ಅಜ್ಜಿ ವಿಷ್ಯ. ಎರಡನೇ ಶತಮಾನದಲ್ಲೇ ಜಸ್ಟಿನ್ ಅನ್ನೋ ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವರು) ಬರೆದಿದಾರೆ, ಬರೋಕಾಗದವರ ಪಾಲನ್ನ ಸಭಾಸೇವಕರು ಅವ್ರ ಹತ್ರಾನೇ ತಗೊಂಡು ಹೋಗ್ತಿದ್ರು ಅಂತ. ಮನೆಗೇ ತಗೊಂಡು ಹೋಗೋದಾದ್ರೆ ಕೊನೇ ಬೆಂಚು ಎಷ್ಟು ದೂರ? ಈಗ ನಮ್ಮಲ್ಲಿ ಹಂಚೋದು ಹಿಂದಿನಿಂದ ಶುರು. ಅಯ್ಯನವರು ತಟ್ಟೆ ಹಿಡ್ಕೊಂಡು ಮಧ್ಯದ ದಾರೀಲಿ ನಡ್ಕೊಂಡು ಹೋಗ್ತಾರೆ, ಪಾತ್ರೆ ಹಿಡ್ಕೊಂಡು ಒಬ್ರು ಹಿರಿಯರು ಹಿಂದೆ, ಎಲ್ರೂ ತಿರುಗಿ ನೋಡ್ತಾ ಕಾಯ್ತಾರೆ. ಮೊದಲನೇ ಸಲ ಅಜ್ಜಿ ಗಾಬರಿಯಾಗಿ ಎದ್ದೇಳೋಕೆ ಹೋದ್ರು, ಪಕ್ಕದ ಹುಡುಗಿ ಕೈ ಹಿಡಿದು ಕೂರಿಸಿದಳು. ಆಮೇಲೆ ಮಂಡಿ ಊರೋರು ಊರ್ತಾರೆ, ನಿಂತು ತಗೊಳ್ಳೋರು ನಿಲ್ತಾರೆ, ಎರಡಕ್ಕೂ ಜಾಗ ಇದೆ ಅಂತ ಮೊದಲೇ ಹೇಳಿರ್ತೀವಿ.

ಇದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯತ್ತೆ, ಕಮಿಟೀಲಿ ಇದೇ ದೊಡ್ಡ ಗಲಾಟೆ ಆಯ್ತು. ಪ್ರಸಂಗ ಕತ್ತರಿಸಲಿಲ್ಲ, ಪ್ರಕಟಣೆಗಳನ್ನ ಕತ್ತರಿಸಿ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ವಿ. ನಿಮ್ಮ ಸಭೇಲಿ ಮುಂದೆ ಬರೋಕಾಗದೆ ಕೂತಿರೋರು ಯಾರು, ಅವ್ರಿಗೆ ಏನು ಮಾಡ್ತಿದೀರ, ಕೆಳಗೆ ಬರೀರಿ, ನಾನು ಎಲ್ಲಾನೂ ಓದ್ತೀನಿ.