ಎತ್ತಬೇಡಿ, ಬಾವುಟ ನೆಡಿ

ಕೇಳುಗರಿಗೆ ನಮಸ್ಕಾರ.

ಹಳೆಯ ಯುದ್ಧಭೂಮಿಯ ಸರ್ವೆಗೆ ಸ್ವಯಂಸೇವಕರಾಗಿ ಹೋಗಬೇಕು ಅಂತ ಆಸೆ ಇರುವವರಿಗಾಗಿ ಇವತ್ತಿನ ಮಾತು. ಕಾಲೇಜಿನ ಹುಡುಗ ಹುಡುಗಿಯರು, ನಿವೃತ್ತ ಮೇಷ್ಟ್ರುಗಳು, ರಜೆ ಹಾಕಿಯಾದರೂ ಬರುತ್ತೇನೆ ಅನ್ನುವ ಬ್ಯಾಂಕಿನವರು, ಇಂಥವರೆಲ್ಲ ಈಗ ರೇಡಿಯೋ ಮುಂದೆ ಇದ್ದೀರಿ ಅಂದುಕೊಂಡಿದ್ದೇನೆ. ಈ ಕೆಲಸಕ್ಕೆ ಇತಿಹಾಸದ ಡಿಗ್ರಿ ಬೇಡ. ಗುದ್ದಲಿ ಹಿಡಿದ ಅಭ್ಯಾಸವೂ ಬೇಡ. ಒಂದು ಮಾತು ನೆನಪಿದ್ದರೆ ಸಾಕು. ನೆಲದಲ್ಲಿ ಏನು ಸಿಕ್ಕರೂ ಎತ್ತಬೇಡಿ. ಪಕ್ಕದಲ್ಲಿ ಒಂದು ಪುಟ್ಟ ಬಾವುಟ ನೆಡಿ.

ಯಾಕೆ ಅಂತೀರಾ? ಹಳೆಯ ಊರನ್ನು ಅಗೆದರೆ ಗೋಡೆ ಸಿಗುತ್ತದೆ, ಬಾವಿ ಸಿಗುತ್ತದೆ, ಒಲೆ ಸಿಗುತ್ತದೆ. ಯುದ್ಧಭೂಮಿಯಲ್ಲಿ ಯಾರೂ ಏನೂ ಕಟ್ಟಿರುವುದಿಲ್ಲ. ಬೆಳಿಗ್ಗೆ ಶುರುವಾದದ್ದು ಎಷ್ಟೋ ಸಲ ಸಂಜೆಗೆ ಮುಗಿದುಹೋಗಿರುತ್ತದೆ. ಸತ್ತವರ ಕತ್ತಿ, ಬೂಟು, ಬಟ್ಟೆ ಎಲ್ಲವನ್ನೂ ಗೆದ್ದವರು ಆಗಲೇ ದೋಚಿರುತ್ತಾರೆ. ಹುಲ್ಲಿನಲ್ಲಿ ಉದುರಿದ ಚಿಲ್ಲರೆ ಸಾಮಾನು ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಸೀಸದ ಗುಂಡು, ಬಾಣದ ಮೊನೆ, ಅಂಗಿಯ ಗುಂಡಿ, ಬಕಲ್, ಲಾಳದ ಮೊಳೆ, ಇಂಥವು. ಅವೂ ಹೆಚ್ಚಾಗಿ ನೇಗಿಲು ತಿರುವಿಹಾಕಿದ ಮೇಲ್ಮಣ್ಣಿನಲ್ಲೇ ಇರುತ್ತವೆ. ಅದಕ್ಕೇ ನಾವು ಮೊದಲ ದಿನವೇ ಹಳ್ಳ ತೋಡಲು ಕೂರುವುದಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆಯುತ್ತೇವೆ.

ಹಳೆಯ ಕೋವಿಯ ಒಂದು ಗುಂಡು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಗೋಲಿಯಷ್ಟು ದಪ್ಪ, ಮೇಲೆ ಬೂದು ಬಿಳುಪಿನ ಪೊರೆ. ಸುತ್ತಲೂ ಕೂದಲೆಳೆಯಂಥ ಒಂದು ಗೆರೆ. ಅಚ್ಚಿನ ಎರಡು ಹೋಳು ಸೇರಿದ್ದು ಅಲ್ಲಿ. ಒಂದು ಕಡೆ ಸಣ್ಣ ಚಪ್ಪಟೆ ಗುರುತು. ಸೀಸ ಎರೆದಾಗ ಉಳಿದ ಬಾಲವನ್ನು ಕತ್ತರಿಸಿದ್ದು ಅಲ್ಲಿ. ಈ ಗೆರೆ, ಈ ಗುರುತು ಮಾಸದೆ ಗುಂಡು ದುಂಡಗೇ ಇದ್ದರೆ, ಅದು ಹಾರಿದ್ದಲ್ಲ. ಕೋವಿಗೆ ತುಂಬುವ ಗಡಿಬಿಡಿಯಲ್ಲಿ ಸಿಪಾಯಿಯ ಕೈಯಿಂದ ಜಾರಿದ್ದು. ಅಪ್ಪಚ್ಚಿ ಆಗಿದ್ದರೆ ಹಾರಿಹೋಗಿ ಎಲ್ಲೋ ಬಡಿದದ್ದು. ದುಂಡಗಿನದು ಸಿಪಾಯಿ ನಿಂತ ಜಾಗ ಹೇಳುತ್ತದೆ, ಅಪ್ಪಚ್ಚಿಯಾದದ್ದು ಅವನು ಯಾವ ಕಡೆಗೆ ಹೊಡೆದ ಅಂತ ಹೇಳುತ್ತದೆ. ಇಂಥವು ನೂರಾರು ಸೇರಿದರೆ ಒಂದು ಸೈನ್ಯದ ಸಾಲೇ ನಕ್ಷೆಯ ಮೇಲೆ ಮೂಡುತ್ತದೆ. ಅದೇ ಗುಂಡನ್ನು ಜೇಬಿಗೆ ಹಾಕಿಕೊಂಡಿರೋ, ಉಳಿಯುವುದು ಒಂದು ಚೂರು ಸೀಸ.

ಆದರೂ ಪ್ರತಿ ಸರ್ವೆಯಲ್ಲೂ ಒಬ್ಬರಾದರೂ ಅಂಗೈ ಚಾಚಿಕೊಂಡು ಓಡಿ ಬರುತ್ತಾರೆ. "ಮೇಡಂ, ಏನು ಸಿಕ್ತು ನೋಡಿ!" ಎಲ್ಲಿ ಸಿಕ್ಕಿತು ಅಂದರೆ, "ಅಲ್ಲೇ, ಆ ಕಡೆ" ಅಂತ ಇಡೀ ಹೊಲಕ್ಕೇ ಕೈ ಬೀಸುತ್ತಾರೆ. ನಾನೇನೂ ಬೈಯುವುದಿಲ್ಲ. ಒಂದು ಬಾವುಟ ಕೊಟ್ಟು ವಾಪಸ್ ಕಳಿಸುತ್ತೇನೆ. ಆದರೆ ಮನಸ್ಸಿನಲ್ಲಿ ಅಂದುಕೊಳ್ಳುವುದು ಬೇರೆ, ಅದು ಬಾನುಲಿಯಲ್ಲಿ ಹೇಳುವಂಥದ್ದಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಕತೆ ಹೇಳುತ್ತೇನೆ. ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಅಂತ ಒಂದು ನದಿ. 1876ರ ಜೂನ್ 25ರಂದು ಅದರ ದಡದ ದಿಬ್ಬಗಳ ಮೇಲೆ ಅಮೆರಿಕದ ಸೈನ್ಯದ ಲೆಫ್ಟಿನೆಂಟ್ ಕರ್ನಲ್ ಕಸ್ಟರ್ ಮತ್ತು ಅವನ ಜೊತೆಗಿದ್ದ ಇನ್ನೂರಕ್ಕೂ ಹೆಚ್ಚು ಕುದುರೆ ಸಿಪಾಯಿಗಳು ಸತ್ತರು. ಎದುರಿಗಿದ್ದವರು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಶಯನ್ ಮತ್ತು ಅರಪಾಹೊ ಜನ. ಕಸ್ಟರ್ ಜೊತೆ ಇದ್ದವರಲ್ಲಿ ಒಬ್ಬನೂ ಬದುಕಿ ಬರಲಿಲ್ಲ. ಹೇಳುವವರು ಇಲ್ಲದ ಮೇಲೆ ಕತೆ ಕಟ್ಟುವವರಿಗೆ ಬರವೇ? ಚಿತ್ರಕಾರರು ಬರೆದದ್ದೇ ಬರೆದದ್ದು. ದಿಬ್ಬದ ನೆತ್ತಿಯಲ್ಲಿ ಕಸ್ಟರ್, ಸುತ್ತ ಅವನ ಸಿಪಾಯಿಗಳು, ಕೊನೇ ಉಸಿರಿನವರೆಗೂ ಹೋರಾಟ. ಗೆದ್ದವರು ಬೇರೆ ತರಹ ಹೇಳುತ್ತಲೇ ಇದ್ದರು. ಅವರ ಮಾತು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

1983ರ ಆಗಸ್ಟ್‌ನಲ್ಲಿ ಆ ಬಯಲಿಗೆ ಬೆಂಕಿ ಬಿತ್ತು. ಎತ್ತರದ ಹುಲ್ಲೆಲ್ಲ ಸುಟ್ಟುಹೋಗಿ ಬರೀ ನೆಲ ಕಾಣಿಸಿತು. ರಿಚರ್ಡ್ ಫಾಕ್ಸ್ ಅನ್ನುವ ಪುರಾತತ್ವಜ್ಞ ಮೊದಲು ಹೋಗಿ ನಡೆದು ನೋಡಿದರು. ಮುಂದಿನ ಎರಡು ವರ್ಷ ಡಗ್ಲಾಸ್ ಸ್ಕಾಟ್ ಮತ್ತು ಫಾಕ್ಸ್ ಸೇರಿ ದೊಡ್ಡ ಸರ್ವೆ ಮಾಡಿಸಿದರು. ಕೆಲಸದಾಳುಗಳು ಯಾರು ಗೊತ್ತಾ? ನಿಮ್ಮಂಥವರೇ. ಭಾನುವಾರ ಡಿಟೆಕ್ಟರ್ ಹಿಡಿದು ಸುಮ್ನೆ ತಿರುಗಾಡುವ ಹವ್ಯಾಸದವರು. ಆ ಕಾಲದ ಪುರಾತತ್ವದವರಿಗೆ ಡಿಟೆಕ್ಟರ್ ಅಂದರೆ ಕಳ್ಳರ ಸಾಮಾನು, ಹತ್ತಿರ ಸೇರಿಸುತ್ತಿರಲಿಲ್ಲ. ಇಲ್ಲಿ ಅವರನ್ನೇ ಸುಮಾರು 5 ಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲಿಸಿ ನಡೆಸಿದರು. ಡಿಟೆಕ್ಟರ್ ಕೂಗಿತಾ? ಬಾವುಟ ನೆಟ್ಟು ಮುಂದೆ ಹೋಗಬೇಕು. ಹಿಂದೆ ಬರುವ ತಂಡ ವಸ್ತುವನ್ನು ಅಲುಗಿಸದೆ ಮಣ್ಣು ಬಿಡಿಸುತ್ತದೆ. ಅದರ ಹಿಂದಿನ ತಂಡ ಜಾಗ, ಆಳ, ಯಾವ ದಿಕ್ಕಿಗೆ ಬಿದ್ದಿದೆ, ಎಲ್ಲ ಅಳೆದು ಬರೆಯುತ್ತದೆ. ಆಮೇಲಷ್ಟೇ ಅದು ಮೇಲೆ ಬರುವುದು.

ಇನ್ನು ಕೇಳಿ, ಮಜಾ ಇರುವುದು ಇಲ್ಲೇ. ಟ್ರಿಗರ್ ಒತ್ತಿದಾಗ ಬಂದೂಕಿನ ಒಳಗಿನ ಸಣ್ಣ ಪಿನ್ನು ತೋಟಾದ ತಳಕ್ಕೆ ಬಡಿದು ಗುರುತು ಬಿಡುತ್ತದೆ. ಒಂದು ಬಂದೂಕಿನ ಗುರುತು ಇನ್ನೊಂದರದ್ದಲ್ಲ, ನಮ್ಮ ಹೆಬ್ಬೆಟ್ಟಿನ ಹಾಗೆ. ಬಯಲಿನಲ್ಲಿ ಸಿಕ್ಕ ಖಾಲಿ ತೋಟಾಗಳನ್ನು ಪೊಲೀಸರ ಅಪರಾಧ ಪತ್ತೆ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಹೋಲಿಸಿದರು. ಇಲ್ಲಿ ಹಾರಿದ ಅದೇ ಬಂದೂಕು ಅಲ್ಲಿ ಮತ್ತೊಂದು ದಿಬ್ಬದ ಮೇಲೂ ಹಾರಿದೆ! ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ, ನೂರು ವರ್ಷ ಕಳೆದ ಮೇಲೆ, ಗೆರೆ ಎಳೆದು ತೋರಿಸಿದರು. ಕಸ್ಟರ್‌ನ ಸಿಪಾಯಿಗಳ ಹತ್ತಿರ ಒಂದು ಸಲಕ್ಕೆ ಒಂದೇ ಗುಂಡು ತುಂಬುವ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಎದುರಿನವರಲ್ಲಿ ಬಹಳ ಜನರ ಕೈಯಲ್ಲಿ ಮೇಲಿಂದ ಮೇಲೆ ಹಾರಿಸುವ ಹೆನ್ರಿ, ವಿಂಚೆಸ್ಟರ್ ಬಂದೂಕುಗಳು. ದಿಬ್ಬದ ನೆತ್ತಿಯ ವೀರಗಾಥೆ ಹಾಗೆ ನಡೆಯಲೇ ಇಲ್ಲ, ಸಿಪಾಯಿಗಳ ಸಾಲು ಮುರಿದು ಚದುರಿತು, ಭಯ ಹಿಡಿದು ಗುಂಪುಗೂಡಿದರು ಅಂತ ಫಾಕ್ಸ್ ವಾದ ಮಾಡಿದರು. ಗೆದ್ದವರ ಮಾತಿಗೆ ಕೊನೆಗೂ ಬೆಲೆ ಬಂತು. ಆ ಹವ್ಯಾಸಿಗಳು ತೋಟಾಗಳನ್ನು ಎತ್ತಿ ಚೀಲಕ್ಕೆ ತುಂಬಿಕೊಂಡಿದ್ದರೆ ಇದರಲ್ಲಿ ಒಂದು ಗೆರೆಯೂ ಮೂಡುತ್ತಿರಲಿಲ್ಲ. ಅವರು ಬಾವುಟ ನೆಟ್ಟರು.

ಈ ಕತೆಗೇ ಅರ್ಧ ಸಮಯ ಹೋಯಿತು. ಇಂಗ್ಲೆಂಡಿನ ಬಾಸ್ವರ್ತ್ ಬಗ್ಗೆ ಎರಡೇ ಮಾತು. ಮೂರನೇ ರಿಚರ್ಡ್ ದೊರೆ 1485ರಲ್ಲಿ ಸತ್ತ ಯುದ್ಧ ಅದು. ಆಂಬಿಯನ್ ಗುಡ್ಡದ ಮೇಲೆ ನಡೆಯಿತು ಅಂತ ನಂಬಿ ಅಲ್ಲೇ ಪ್ರವಾಸಿ ಕೇಂದ್ರವನ್ನೂ ಕಟ್ಟಿದ್ದರು. ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ತಂಡ 2005ರಿಂದ ವರ್ಷಗಟ್ಟಲೆ ಹೊಲ ಹೊಲ ನಡೆದ ಮೇಲೆ, ಫಿರಂಗಿ ಮತ್ತು ಕೋವಿಯ ಸೀಸದ ಗುಂಡುಗಳು ಸಿಕ್ಕಿದ್ದು ಸುಮಾರು 3 ಕಿಲೋಮೀಟರ್ ಆಚೆ. ಜೊತೆಗೆ ರಿಚರ್ಡ್‌ನ ಲಾಂಛನವಾದ ಕಾಡುಹಂದಿಯ ಒಂದು ಪುಟ್ಟ ಬೆಳ್ಳಿ ಬಿಲ್ಲೆ, ಹಿಂದೆ ಜೌಗು ಇದ್ದ ಜಾಗದ ಅಂಚಿನಲ್ಲಿ. ಬಿಲ್ಲೆ ಚೆನ್ನಾಗಿದೆ, ನಿಜ. ನನಗೆ ಬೇಕಾದದ್ದು ಆ ಅಂಚು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಡಿಟೆಕ್ಟರಿನ ತಟ್ಟೆಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ನಿಧಾನವಾಗಿ ಬೀಸಿ. ಕಬ್ಬಿಣದ ಸದ್ದು ಬಂದರೆ ಬಿಟ್ಟುಬಿಡಬೇಡಿ, ಬಾಣದ ಮೊನೆ ಕಬ್ಬಿಣದ್ದೇ. ದಿನವಿಡೀ ನಡೆದು ಏನೂ ಸಿಗದಿದ್ದರೆ ಮುಖ ಸಪ್ಪೆ ಮಾಡಬೇಡಿ. ನಿಮ್ಮ ಸಾಲು ಖಾಲಿ ಅನ್ನುವುದನ್ನೂ ನಾವು ಬರೆದುಕೊಳ್ಳುತ್ತೇವೆ, ಅಲ್ಲಿ ಸೈನ್ಯ ಇರಲಿಲ್ಲ ಅನ್ನುವುದಕ್ಕೆ ಅದೂ ಸುಳಿವು. ಸಿಕ್ಕಿದ್ದನ್ನು ಪ್ಯಾಂಟಿಗೆ ಉಜ್ಜಬೇಡಿ, ನೀರಲ್ಲಿ ತೊಳೆಯಬೇಡಿ. ಮೂಳೆ ಕಂಡರೆ ಅಲ್ಲೇ ನಿಂತು ಕೂಗಿ. ಸಿಡಿಯದ ಶೆಲ್ ಥರ ಏನಾದರೂ ಕಂಡರೆ ಕೂಗುವುದಕ್ಕೂ ಮೊದಲು ದೂರ ಸರಿಯಿರಿ. ಹೊಲದ ಯಜಮಾನರ ಒಪ್ಪಿಗೆ, ಸರ್ಕಾರದ ಅನುಮತಿ, ಇವೆಲ್ಲ ತಂಡದ ಮುಖ್ಯಸ್ಥರ ಕೆಲಸ. ಅವು ಇಲ್ಲದೆ ಒಬ್ಬರೇ ಡಿಟೆಕ್ಟರ್ ಹಿಡಿದು ಹೋದರೆ ಅದು ಸರ್ವೆಯಲ್ಲ, ಕಳ್ಳತನ.

ಇನ್ನೊಂದು. ಬೆರಳಿನ ಕಡೆ ಉಕ್ಕಿನ ಕವಚ ಇರುವ ಬೂಟು ಹಾಕಿಕೊಂಡು ಬರಬೇಡಿ. ಹೆಜ್ಜೆ ಹೆಜ್ಜೆಗೂ ಡಿಟೆಕ್ಟರ್ ನಿಮ್ಮ ಕಾಲನ್ನೇ ಕಂಡು ಕೂಗುತ್ತದೆ, ನಿಮಗೂ ತಲೆನೋವು, ಪಕ್ಕದವರಿಗೂ. ಮಾಮೂಲಿ ಕ್ಯಾನ್ವಾಸ್ ಶೂ ಸಾಕು. ಬಾವುಟ ನಾವೇ ಕೊಡುತ್ತೇವೆ.

ನಮಸ್ಕಾರ.